ಇನ್ನಿಪ್ಪತ್ತು ವರ್ಷದ ಪರವಾನಗಿ

ಆಸ್ಪತ್ರೆಯ ಬಿಳಿ ಹಾಸುಗಳನ್ನು ತಾರಸಿಯ ಮೇಲೆ ಹರವಿ ಅವಳು ಕೆಳಗಿಳಿಯುವಷ್ಟರಲ್ಲಿ ಗಾಳಿ ತಿರುಗಿತ್ತು. ಮತ್ತೆ ಮೇಲೆ ಹೋಗಿ ನೋಡಿದರೆ ಹಾಸುಗಳ ಮೇಲೆಲ್ಲ ಕರಿಮೆಣಸಿನ ಪುಡಿ ಉದುರಿಸಿದಂತೆ ಕರಿ ಚುಕ್ಕೆಗಳು. ಕೈಯಿಂದ ಒರೆಸಿದರೆ ಚುಕ್ಕೆ ಗೆರೆಯಾಗುತ್ತದೆ. ಕೊಡವಬೇಕು, ಊದಬೇಕು, ಆಗಲೂ ಹೋಗದಿದ್ದರೆ ಮತ್ತೆ ನೆನೆಹಾಕಬೇಕು. ಅವಳು ಹಾಸುಗಳನ್ನು ಬಾಚಿ ತಬ್ಬಿಕೊಂಡು ಕೆಳಗೆ ತಂದಳು. ಊರಿನವರು ಅವಳನ್ನು ಲಾಂಡ್ರಿ ಅಕ್ಕ ಎಂದೇ ಕರೆಯುತ್ತಿದ್ದರು, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರು ಕೂಡ.

ಅಂಗಡಿಯ ಬಾಗಿಲಲ್ಲಿ ಪ್ಲಾಂಟಿನ ಮ್ಯಾನೇಜರು ನಿಂತಿದ್ದ. ಪ್ರತಿ ವಾರ ಕಂಪನಿಯ ಗೆಸ್ಟ್ ಹೌಸಿನಿಂದ ಪರದೆ, ಹೊದಿಕೆ, ಮೇಜಿನ ಬಟ್ಟೆ ಎಲ್ಲ ಇವಳ ಹತ್ತಿರವೇ ಬರುತ್ತಿದ್ದವು, ಆದರೆ ತರುತ್ತಿದ್ದವನು ಡ್ರೈವರು. ಇವತ್ತು ಮ್ಯಾನೇಜರು ತನ್ನ ಕೋಟನ್ನು ತಾನೇ ತೋಳಿನ ಮೇಲೆ ಹಾಕಿಕೊಂಡು ಬಂದಿದ್ದ.

"ನಾಳೆ ಸಭೇಲಿ ನೀವೂ ಮಾತಾಡ್ತೀರಂತೆ?"

"ಹೆಸರು ಕೊಟ್ಟಿದ್ದೀನಿ ಸಾರ್."

"ಮಾತಾಡಿ, ಯಾರು ಬೇಡ ಅಂತಾರೆ. ಮನೇಲಿ ಯಜಮಾನರನ್ನ ಒಂದು ಮಾತು ಕೇಳಿದ್ರಾ?"

"ಅವರು ಬಾಯ್ಲರಿಗೆ ಇದ್ದಲು ಹಾಕ್ಸೋವಾಗ ನನ್ನ ಕೇಳ್ತಾರಾ ಸಾರ್?"

ಮ್ಯಾನೇಜರು ನಕ್ಕ. ನಗು ಬಂದಷ್ಟೇ ಬೇಗ ಹೋಯಿತು. "ಕೋಟು ನಾಳಿದ್ದಿಗೆ ಬೇಕು. ಗೆಸ್ಟ್ ಹೌಸ್ ಬಟ್ಟೆ ಇನ್ಮೇಲೆ ಎಲ್ಲಿಗೆ ಕಳಿಸೋದು ಅಂತ ಸಭೆ ಮುಗಿದ ಮೇಲೆ ನೋಡೋಣ" ಎಂದು ಹೇಳಿ ಕಾರು ಹತ್ತಿದ.

ಅವಳು ಕೋಟನ್ನು ಗೂಟಕ್ಕೆ ತಗುಲಿಸಿ ಅದರ ಕಡೆ ನೋಡುತ್ತ ನಿಂತಳು. ಅಂಗಡಿಯ ಅರ್ಧ ಕೆಲಸ ಆ ಗೆಸ್ಟ್ ಹೌಸಿನದೇ.

ಊರಿನ ಅಂಚಿನಲ್ಲಿದ್ದ ಪ್ಲಾಂಟು ಕಲ್ಲಿದ್ದಲು ಸುಟ್ಟು ಕರೆಂಟು ತಯಾರಿಸುತ್ತಿತ್ತು. ಅದರ ಪರವಾನಗಿ ಈ ವರ್ಷಕ್ಕೆ ಮುಗಿಯುವುದಿತ್ತು. ಇನ್ನಿಪ್ಪತ್ತು ವರ್ಷ ಕೊಡಿ ಎಂದು ಕಂಪನಿ ಕೇಳಿತ್ತು. ಕೊಡುವ ಮೊದಲು ಜನರ ಅಭಿಪ್ರಾಯ ಕೇಳಬೇಕೆಂಬ ಕಾನೂನಿದ್ದುದರಿಂದ ನಾಳೆಯ ಸಭೆಗೆ ಇಂಧನ ಸಚಿವೆ ತಾನೇ ಬರುವವಳಿದ್ದಳು. ನಿವೃತ್ತ ಭೂಗೋಳದ ಮೇಷ್ಟ್ರೊಬ್ಬರು ಮನೆಮನೆಗೂ ಹೋಗಿ ಜನರನ್ನು ಕೂಡಿಸಿದ್ದರು. "ಬೂದಿ ನಮ್ಮ ತಾರಸಿ ಮೇಲೆ ಬೀಳುತ್ತೆ, ಕಾಣುತ್ತೆ, ಬೈಕೊಂಡು ಒರೆಸ್ತೀವಿ. ಹೊಗೆ ಜೊತೆ ಇನ್ನೊಂದು ಅನಿಲ ಹೋಗುತ್ತಲ್ಲ, ಅದು ಕಣ್ಣಿಗೆ ಕಾಣಲ್ಲ. ಅದು ಇಡೀ ಭೂಮಿಗೆ ಕಂಬಳಿ ಹೊದಿಸ್ತಾ ಇದೆ" ಎನ್ನುತ್ತಿದ್ದರು. ಲಾಂಡ್ರಿ ಅಕ್ಕನಿಗೆ ಅದು ಅರ್ಥವಾಗಲು ಪುಸ್ತಕ ಬೇಕಿರಲಿಲ್ಲ. ಹೋದ ಬೇಸಿಗೆಯಲ್ಲಿ ಇಸ್ತ್ರಿ ಮೇಜಿನ ಹತ್ತಿರ ನಿಂತಿದ್ದ ಕೆಲಸದ ಹೆಂಗಸು ನಿಂತಲ್ಲೇ ಕುಸಿದಿದ್ದಳು. ಈ ಬೇಸಿಗೆಯಲ್ಲಿ ಅಕ್ಕ ಮಧ್ಯಾಹ್ನ ಅಂಗಡಿ ತೆರೆಯುವುದನ್ನೇ ಬಿಟ್ಟಿದ್ದಳು.

ತೊಡಕು ಇದ್ದದ್ದು ಮನೆಯಲ್ಲಿ. ಅವಳ ಗಂಡ ಅದೇ ಪ್ಲಾಂಟಿನಲ್ಲಿ ಬಾಯ್ಲರ್ ಮೇಸ್ತ್ರಿ. ಅವನ ಅಪ್ಪನೂ ಅಲ್ಲೇ ದುಡಿದು, ಎದೆ ಕೆಡಿಸಿಕೊಂಡು, ಅಲ್ಲಿಂದಲೇ ನಿವೃತ್ತನಾಗಿ, ಹೆಚ್ಚು ದಿನ ಉಳಿದಿರಲಿಲ್ಲ. ಉಳಿದವಳು ಅತ್ತೆ, ಜೊತೆಗೆ ಅವಳ ಕೆಮ್ಮು.

ಸಂಜೆ ಮೇಸ್ತ್ರಿ ಬಂದವನೇ ಕೈಕಾಲು ತೊಳೆದು ಊಟಕ್ಕೆ ಕೂತ. ತಟ್ಟೆಯಲ್ಲಿ ಬೆರಳು ಆಡುತ್ತಿತ್ತೇ ಹೊರತು ಬಾಯಿಗೆ ಹೋಗುತ್ತಿರಲಿಲ್ಲ.

"ಮ್ಯಾನೇಜರ್ ಅಂಗಡಿಗೆ ಬಂದಿದ್ರು" ಎಂದಳು.

"ಗೊತ್ತು."

"ಏನಾದ್ರೂ ಅಂದ್ರಾ ನಿಮಗೆ?"

"ಏನಂತಾರೆ? ಪ್ಲಾಂಟ್ ಮುಚ್ಚಿದ್ರೆ ನಾನು ಮನೇಲಿ ಕೂತು ನಿನಗೆ ಬಟ್ಟೆ ಮಡಚಿಕೊಡಬೇಕಾಗುತ್ತೆ, ಅಷ್ಟೇ."

"ಮಡಚಿದ್ರೆ ಏನು ಕೈ ಸವೆಯುತ್ತಾ?"

"ತಮಾಷೆ ಬೇಡ." ಅವನು ತಟ್ಟೆ ಸರಿಸಿದ. "ನನ್ನ ಕೈ ಕೆಳಗೆ ದುಡಿಯೋರು ನಾಳೆ ನನ್ನ ಮುಖ ನೋಡ್ತಾರೆ. ನಿನ್ನ ಹೆಂಡ್ತಿ ನಮ್ಮ ಅನ್ನಕ್ಕೆ ಕಲ್ಲು ಹಾಕಿದಳು ಅಂತಾರೆ. ಏನು ಹೇಳ್ಲಿ?"

ಒಳಕೋಣೆಯಿಂದ ಕೆಮ್ಮು ಕೇಳಿಸಿತು, ಆಮೇಲೆ ಅತ್ತೆಯ ದನಿ. "ಜಗಳ ಆಡೋದಾದ್ರೆ ಸ್ವಲ್ಪ ಗಟ್ಟಿಯಾಗಿ ಆಡಿ, ಇಲ್ಲಿಗೆ ಅರ್ಧಂಬರ್ಧ ಕೇಳ್ಸುತ್ತೆ."

ಸೊಸೆ ಒಳಗೆ ಹೋದಳು. ಮುದುಕಿ ದಿಂಬಿಗೆ ಒರಗಿ ಕೂತಿದ್ದಳು. "ನೋಡು, ನೀನು ಮಾತಾಡೋದು ಮಾತಾಡು. ಆದ್ರೆ ನನ್ನ ಕೆಮ್ಮನ್ನ ಸಭೆಗೆ ಹೊತ್ಕೊಂಡು ಹೋಗ್ಬೇಡ. ನಿಮ್ಮ ಮಾವನ ಸಾವನ್ನೂ ಅಷ್ಟೇ. ಮೈಕಿನ ಮುಂದೆ ಇಟ್ಟು ಮಾರೋ ಸಾಮಾನಲ್ಲ ಅವು."

"ಇಲ್ಲ ಅತ್ತೆ."

"ಮಾತು ಕೊಡು."

ಅವಳು ಮಾತು ಕೊಟ್ಟಳು. ನಾಳೆ ಹೇಳಬೇಕೆಂದುಕೊಂಡಿದ್ದರಲ್ಲಿ ಮುಕ್ಕಾಲು ಪಾಲು ಅದೇ ಆಗಿತ್ತು.

ಸಭಾಭವನದಲ್ಲಿ ಮರುದಿನ ಬೆಳಿಗ್ಗೆಯೇ ಕುರ್ಚಿಗಳು ತುಂಬಿದ್ದವು. ಕಂಪನಿ ಕಾರ್ಮಿಕರಿಗೆ ರಜೆ ಕೊಟ್ಟು ಬಸ್ಸುಗಳಲ್ಲಿ ಕರೆತಂದಿತ್ತು. ಎಡಗಡೆಯ ಸಾಲುಗಳೆಲ್ಲ ಅವರವು. ಬಲಗಡೆ ಮೇಷ್ಟ್ರು, ಶಾಲೆಯ ಮಕ್ಕಳ ತಂದೆತಾಯಂದಿರು, ನದಿಯಲ್ಲಿ ಮೀನು ಹಿಡಿಯುವವರು, ಔಷಧಿ ಅಂಗಡಿಯವನು. ನಡುವಿನ ದಾರಿಯಲ್ಲಿ ಪೊಲೀಸರು ಸಾಲಾಗಿ ನಿಂತಿದ್ದರು. ಫ್ಯಾನುಗಳು ತಿರುಗುತ್ತಿದ್ದರೂ ಬಿಸಿಗಾಳಿಯನ್ನೇ ಈ ಕಡೆಯಿಂದ ಆ ಕಡೆಗೆ ಸಾಗಿಸುತ್ತಿದ್ದವು. ಗಂಡ ಎಡಗಡೆಯ ಮೊದಲ ಸಾಲಿನಲ್ಲಿ ಕೂತಿದ್ದ. ಇವಳ ಕಡೆ ತಿರುಗಲಿಲ್ಲ.

ಸಚಿವೆ ಬಂದಳು. ಐವತ್ತು ದಾಟಿದ ಹೆಂಗಸು, ಎಲ್ಲರಿಗೂ ಕೈಮುಗಿದು ಚುರುಕಾಗಿ ಕೂತಳು. ಅಧಿಕಾರಿಯೊಬ್ಬ ಕರೆಯತೊಡಗಿದ: "ಕಾರ್ಮಿಕರ ಪರವಾಗಿ, ಬಾಯ್ಲರ್ ವಿಭಾಗದ ಮೇಸ್ತ್ರಿ."

ಅವಳು ಥಟ್ಟನೆ ಆ ಕಡೆ ತಿರುಗಿದಳು. ರಾತ್ರಿಯೆಲ್ಲ ಪಕ್ಕದಲ್ಲೇ ಮಲಗಿದ್ದವನು ಒಂದು ಮಾತು ಹೇಳಿರಲಿಲ್ಲ.

ಮೇಸ್ತ್ರಿ ಮೈಕಿನ ಮುಂದೆ ನಿಂತು ಜೇಬಿನಿಂದ ಹಾಳೆ ತೆಗೆದ. ಮ್ಯಾನೇಜರು ಬರೆಸಿಕೊಟ್ಟದ್ದು ಎಂದು ಮೊದಲ ವಾಕ್ಯಕ್ಕೇ ತಿಳಿಯುವಂತಿತ್ತು. ಅವನು ಹುಟ್ಟಿದಾರಭ್ಯ "ಸರ್ವತೋಮುಖ" ಎಂಬ ಮಾತು ಆಡಿದವನಲ್ಲ. ಪ್ಲಾಂಟು ಊರಿನ ಉಸಿರು, ಅದನ್ನು ಮುಚ್ಚಿದರೆ ನೂರಾರು ಒಲೆ ಆರುತ್ತವೆ, ಕೆಲವರು ಯಾರದೋ ಮಾತು ಕೇಳಿ ಕುಣಿಯುತ್ತಿದ್ದಾರೆ ಎಂದು ತಲೆಯೆತ್ತದೆ ಓದಿದ. "ಕೆಲವರು" ಎಂಬಲ್ಲಿ ದನಿ ಸ್ವಲ್ಪ ಸಿಕ್ಕಿಕೊಂಡಿತು. ಎಡಗಡೆಯವರು ಚಪ್ಪಾಳೆ ತಟ್ಟಿದರು.

ಆಮೇಲೆ ಇವಳ ಸರದಿ. ಅಧಿಕಾರಿ ಸಚಿವೆಯ ಕಿವಿಯಲ್ಲಿ ಏನೋ ಉಸುರಿದ. ಸಚಿವೆ ಮುಗುಳ್ನಕ್ಕು, "ಈಗ ಮಾತಾಡಿದೋರ ಮನೆಯವರಾ ನೀವು? ಒಂದೇ ಮನೇಲಿ ಎರಡು ಪಾರ್ಟಿ ಆಯ್ತಲ್ಲಮ್ಮ. ಮೊದಲು ನೀವಿಬ್ಬರು ಮಾತಾಡ್ಕೊಂಡು ಬನ್ನಿ, ಆಮೇಲೆ ಸರ್ಕಾರ ಮಾತಾಡುತ್ತೆ" ಎಂದಳು. ಸಭೆಯಲ್ಲಿ ನಗು ಎದ್ದಿತು. ಬಲಗಡೆಯವರೂ ನಕ್ಕರು. ಮೇಸ್ತ್ರಿ ಮಾತ್ರ ನೆಲ ನೋಡುತ್ತಿದ್ದ.

ಅವಳು ಮೈಕು ಹಿಡಿದಳು. ಹಾಸುಗಳ ಬಗ್ಗೆ, ಕುಸಿದು ಬಿದ್ದ ಹೆಂಗಸಿನ ಬಗ್ಗೆ, ಬಿಸಿಲಿಗೆ ಶಾಲೆ ಮುಚ್ಚಿದ್ದರ ಬಗ್ಗೆ ಹೇಳಿದಳು. ಅತ್ತೆಯ ಕೆಮ್ಮು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು.

ಸಚಿವೆ ಗಮನವಿಟ್ಟೇ ಕೇಳಿದಳು. "ನಿಮ್ಮ ಕಷ್ಟ ಅರ್ಥ ಆಯ್ತು. ಬೂದಿ ಹಿಡಿಯೋ ಯಂತ್ರ ಒಂದು ವರ್ಷದೊಳಗೆ ಹಾಕ್ಸೋಕೆ ಕಂಪನಿ ಒಪ್ಪಿದೆ. ಇನ್ನು ನಿಮ್ಮ ತಾರಸಿ ಮೇಲೆ ಒಂದು ಚುಕ್ಕೆ ಬೀಳಲ್ಲ. ಸರೀನಾ?"

ಸಭೆ ಗುಜುಗುಜು ಎಂದಿತು. ಬಲಗಡೆ ಕೆಲವರ ಮುಖ ಅರಳಿತು. ಔಷಧಿ ಅಂಗಡಿಯವನು "ಒಪ್ಕೊಳ್ಳಿ ಅಕ್ಕ, ಸಿಕ್ಕಿದ್ದು ಸಿಗಲಿ" ಎಂದು ಪಿಸುಗುಟ್ಟಿದ. ಅವಳಿಗೂ ಆಸೆಯಾಯಿತು. ಹೌದು ಎಂದುಬಿಟ್ಟರೆ ಇವತ್ತೇ ಮನೆಯ ಜಗಳ ಮುಗಿಯುತ್ತದೆ, ಗೆಸ್ಟ್ ಹೌಸಿನ ಬಟ್ಟೆ ಬರುತ್ತದೆ, ಹಾಸುಗಳು ಬಿಳಿಯಾಗಿಯೇ ಒಣಗುತ್ತವೆ.

"ಬಿಸಿಲು?" ಎಂದಳು.

"ಏನು?"

"ಯಂತ್ರ ಬೂದಿ ಹಿಡಿಯುತ್ತೆ ಮೇಡಂ. ಬಿಸಿಲು ಹಿಡಿಯುತ್ತಾ? ಇನ್ನಿಪ್ಪತ್ತು ವರ್ಷ ಇದ್ದಲು ಸುಟ್ರೆ ಆಗ ಬೇಸಿಗೆ ಹೆಂಗಿರುತ್ತೆ ಅಂತ ಸ್ವಲ್ಪ ಹೇಳಿ."

ಸಚಿವೆ ಉತ್ತರಿಸುವ ಮೊದಲೇ ಎಡಗಡೆಯಿಂದ ಕೂಗು ಎದ್ದಿತು. ಮೇಷ್ಟ್ರು ಏನೋ ಹೇಳಲು ಎದ್ದವರನ್ನು ಯಾರೋ ಕೂರಿಸಿದರು. ಕುರ್ಚಿಯೊಂದು ಉರುಳಿತು. ಅಧಿಕಾರಿ ಮೈಕು ಹಿಡಿದು, ಸರ್ಕಾರ ಎಲ್ಲವನ್ನೂ ಪರಿಶೀಲಿಸುತ್ತದೆ, ಸಭೆ ಮುಗಿಯಿತು ಎಂದ. ಪೊಲೀಸರ ನಡುವೆ ಸಚಿವೆ ಪಕ್ಕದ ಬಾಗಿಲಿನಿಂದ ಹೊರಟಳು.

ಪರಿಶೀಲನೆ ಎಂದರೆ ಏನೆಂದು ಊರಿಗೆ ಗೊತ್ತಿತ್ತು. ಲಾಂಡ್ರಿ ಅಕ್ಕ ಓಡಿದಳು. ಹಿಂದೆ ಮೇಷ್ಟ್ರು, ಅವರ ಹಿಂದೆ ಒಂದಷ್ಟು ಜನ. ರಸ್ತೆಗೆ ತಿರುಗುತ್ತಿದ್ದ ಕಾರಿನ ಮುಂದೆ ಹೋಗಿ ಎರಡೂ ಅಂಗೈಗಳನ್ನು ಅದರ ಮೂತಿಯ ಮೇಲೆ ಊರಿದಳು. ಲೋಹ ಕಾದ ಹೆಂಚಿನಂತೆ ಸುಟ್ಟಿತು. ಕೈ ತೆಗೆಯಲಿಲ್ಲ.

"ಸರೀರಿ, ಸರೀರಿ" ಎಂದು ಇನ್ಸ್‌ಪೆಕ್ಟರು ಕೋಲು ಎತ್ತಿದ. ಅಷ್ಟರಲ್ಲಿ ಬಸ್ಸು ಹತ್ತಲು ಹೊರಟಿದ್ದ ಕಾರ್ಮಿಕರು ಇತ್ತ ಬರತೊಡಗಿದರು. "ಎಳೆದು ಹಾಕಿ ಅವಳನ್ನ" ಎಂದು ಯಾರೋ ಕೂಗಿದ. ಮೇಷ್ಟ್ರ ಕನ್ನಡಕ ಕೆಳಗೆ ಬಿದ್ದು ಯಾರದೋ ಕಾಲ ಕೆಳಗೆ ಚೂರಾಯಿತು. ಇನ್ನೊಂದು ನೂಕು ಬಿದ್ದರೆ ಹೊಡೆದಾಟವೇ.

ಆಗ ಮೇಸ್ತ್ರಿ ಬಂದ. ಗುಂಪನ್ನು ಭುಜದಿಂದ ಸೀಳಿಕೊಂಡು ಬಂದು ಇನ್ಸ್‌ಪೆಕ್ಟರಿಗೂ ಹೆಂಡತಿಗೂ ನಡುವೆ ನಿಂತ. ಅವಳ ಕಡೆ ನೋಡಲಿಲ್ಲ. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿತ್ತು.

ಕಾರಿನ ಗಾಜು ಇಳಿಯಿತು. "ನೀವು ತಿಳುವಳಿಕೆ ಇರೋರು" ಎಂದಳು ಸಚಿವೆ. "ನಿಮ್ಮ ಮನೆಯವರಿಗೆ ಒಂದು ಮಾತು ಹೇಳಿ ಪಕ್ಕಕ್ಕೆ ಕರ್ಕೊಂಡು ಹೋಗಿ."

ಮೇಸ್ತ್ರಿ ಕಿಟಕಿಯತ್ತ ತಿರುಗಿದ. ಮಾತಾಡಿದಾಗ ದನಿ ಮೆಲ್ಲಗಿತ್ತು. ಸುತ್ತಲಿದ್ದವರು ಕೇಳಿಸಿಕೊಳ್ಳಲೆಂದೇ ಕೂಗು ನಿಲ್ಲಿಸಿದರು.

"ಮೇಡಂ, ಒಳಗೆ ಓದಿದ್ದು ಬೇರೆಯೋರು ಬರೆದಿದ್ದು, ಆದ್ರೆ ಸುಳ್ಳಲ್ಲ. ಕೆಲಸ ಹೋದ್ರೆ ನಾನು, ನನ್ನ ಹುಡುಗರು ಎಲ್ಲಿಗೆ ಹೋಗ್ಲಿ? ಇವಳು ಹೇಳಿದ್ದೂ ಸುಳ್ಳಲ್ಲ. ಇವಳು ಹೇಳದೇ ಬಿಟ್ಟಿದ್ದು ಇನ್ನೂ ಇದೆ. ನಮ್ಮಪ್ಪ ಆ ಬಾಯ್ಲರ್ ಮುಂದೇನೇ ಎದೆ ಸುಟ್ಕೊಂಡ್ರು. ನಮ್ಮಮ್ಮನಿಗೆ ಮಲಗೋಕಾಗಲ್ಲ, ಕೂತೇ ನಿದ್ದೆ ಮಾಡ್ತಾರೆ. ಎರಡೂ ನಿಜ ಆದ್ರೆ ಏನು ಮಾಡೋದು ಅಂತ ನಮ್ಮ ಮನೇಲಿ ತಲೆ ಕೆಡಿಸ್ಕೊಂಡು ಕೂತ್ವಿ. ತಿಳೀಲಿಲ್ಲ. ಅದನ್ನ ನೋಡ್ಕೊಳ್ಳಿ ಅಂತ ತಾನೆ ನಿಮ್ಮನ್ನ ಆರಿಸಿ ಕಳಿಸಿದ್ದು? ನೀವು ನೋಡಿದ್ರೆ ಗಂಡ ಹೆಂಡ್ತಿ ಮಾತಾಡ್ಕೊಂಡು ಬನ್ನಿ ಅಂತೀರಿ."

ಯಾರೂ ನಗಲಿಲ್ಲ. ಕಾರ್ಮಿಕರ ಗುಂಪಿನಿಂದ ಒಬ್ಬ "ದ್ರೋಹಿ" ಎಂದು ಉಗಿದ. ಉಳಿದವರು ಅವನ ಜೊತೆ ಸೇರಲಿಲ್ಲ, ತಡೆಯಲೂ ಇಲ್ಲ.

ಸಚಿವೆ ಕಾರಿನಿಂದ ಇಳಿದಳು. ಬಿಸಿಲು ನೆತ್ತಿಗೆ ಬಡಿಯುತ್ತಲೇ ಅವಳ ಹಣೆಯ ಮೇಲೂ ಬೆವರು ಮೂಡಿತು. ಲಾಂಡ್ರಿ ಅಕ್ಕನ ಎದುರಿಗೆ ಬಂದು, "ಕೈ ತೆಗೀರಿ, ಸುಡುತ್ತೆ" ಎಂದಳು.

"ಏನು ಮಾಡ್ತೀರಿ ಅಂತ ಹೇಳಿ, ತೆಗೀತೀನಿ."

"ಹಿಂಗೆ ರಸ್ತೇಲಿ ನಿಂತು ಸರ್ಕಾರ ನಡೆಸೋಕೆ ಬರಲ್ಲಮ್ಮ."

"ಒಳಗೂ ನಡೀಲಿಲ್ಲವಲ್ಲ ಮೇಡಂ."

ಸಚಿವೆ ಸುತ್ತ ನೋಡಿದಳು: ಒಂದು ಕಡೆ ಮೀನುಗಾರರು, ತಾಯಂದಿರು, ಇನ್ನೊಂದು ಕಡೆ ಕಾರ್ಮಿಕರು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಅಧಿಕಾರಿ ಅವಳ ತೋಳು ಮುಟ್ಟಿದ, ಅವಳು ಕೊಸರಿಕೊಂಡಳು.

"ಇಪ್ಪತ್ತು ವರ್ಷ ಕೊಡಿ ಅಂತ ನಾನು ಬರೆಯಲ್ಲ" ಎಂದಳು. "ಕಾರ್ಮಿಕರಿಗೆ ಬೇರೆ ದಾರಿ ತೋರಿಸದೆ ಮುಚ್ಚಿ ಅಂತಾನೂ ಬರೆಯಲ್ಲ. ಇದಕ್ಕಿಂತ ಹೆಚ್ಚು ಇವತ್ತು ಹೇಳಿದ್ರೆ ಸುಳ್ಳಾಗುತ್ತೆ."

ಲಾಂಡ್ರಿ ಅಕ್ಕ ಕೈ ತೆಗೆದಳು. ಅಂಗೈಗಳು ಕೆಂಪಗೆ ಬೊಬ್ಬೆ ಎದ್ದಿದ್ದವು. ಕಾರು ಹೋಯಿತು.

ಮನೆಗೆ ಇಬ್ಬರೂ ಒಂದೇ ದಾರಿಯಲ್ಲಿ, ನಾಲ್ಕು ಮಾರು ಅಂತರದಲ್ಲಿ ನಡೆದರು. ಬಾಗಿಲಲ್ಲಿ ಅವನು ನಿಂತ. "ನನ್ನ ಹೆಸರು ಕೊಟ್ಟಿದ್ದಾರೆ ಅಂತ ನಿನಗೆ ಹೇಳ್ಬೇಕಿತ್ತು."

"ಹೇಳ್ಬೇಕಿತ್ತು" ಎಂದಳು. ಅಷ್ಟೇ. ಅಂಗೈಗೆ ಮುಲಾಮು ಹಚ್ಚಿಕೊಟ್ಟವನು ಅವನೇ. ಕೆಮ್ಮಿನ ಸುದ್ದಿಯನ್ನು ಬೀದಿಗೆ ತಂದದ್ದು ಸೊಸೆಯಲ್ಲ, ಮಗ ಎಂದು ಗೊತ್ತಾದಾಗ ಅತ್ತೆ ಎರಡು ದಿನ ಮಗನ ಜೊತೆ ಮಾತು ಬಿಟ್ಟಳು.

ಗೆಸ್ಟ್ ಹೌಸಿನ ಬಟ್ಟೆ ಬರುವುದು ನಿಂತಿತು. ಮೇಸ್ತ್ರಿಯನ್ನು ಬಾಯ್ಲರಿನಿಂದ ಇದ್ದಲಿನ ಅಂಗಳಕ್ಕೆ ಹಾಕಿದರು. ಕ್ಯಾಂಟೀನಿನಲ್ಲಿ ಅವನ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಅವಳು ಎರಡು ಹೊಸ ಹೋಟೆಲುಗಳನ್ನು ಹಿಡಿದು ಹೇಗೋ ಅಂಗಡಿ ಸಾಗಿಸಿದಳು.

ಮಳೆಗಾಲ ಕಳೆದ ಮೇಲೆ ಆದೇಶ ಬಂತು. ಇಪ್ಪತ್ತಲ್ಲ, ಐದು ವರ್ಷ. ಅಷ್ಟರೊಳಗೆ ಒಂದೊಂದೇ ಬಾಯ್ಲರ್ ಆರಿಸಬೇಕು. ಬೂದಿಯ ಯಂತ್ರ ಈಗಲೇ ಹಾಕಬೇಕು. ಕಾರ್ಮಿಕರಿಗೆ ಸೂರ್ಯನ ಶಾಖದಿಂದ ಕರೆಂಟು ತಯಾರಿಸುವ ಹೊಸ ಘಟಕದಲ್ಲಿ ತರಬೇತಿ, ಕೆಲಸ. ಮೇಷ್ಟ್ರು ಹೊಸ ಕನ್ನಡಕ ಏರಿಸಿಕೊಂಡು ಅದನ್ನು ಎರಡು ಸಲ ಓದಿ, "ಐದೂ ಜಾಸ್ತಿಯೇ. ಬಿಡೋ ಹಾಗಿಲ್ಲ, ಇನ್ನೊಂದು ಅರ್ಜಿ ಬರೆಯೋಣ" ಎಂದರು.

ಅವತ್ತು ಮಧ್ಯಾಹ್ನದ ಪಾಳಿಗೆ ಹೊರಟ ಗಂಡನ ಜೊತೆ ಅವಳೂ ಗೇಟಿನವರೆಗೆ ಹೋದಳು. ಅಲ್ಲಿ ಕಾರ್ಮಿಕರು ಗುಂಪಾಗಿ ನಿಂತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಇವರನ್ನು ಕಂಡು ಮಾತು ನಿಂತಿತು. ಮೇಸ್ತ್ರಿಯ ಹೆಜ್ಜೆಯೂ ನಿಧಾನವಾಯಿತು. ಅವಳು ಅವನ ಪಕ್ಕದಿಂದ ಕದಲಲಿಲ್ಲ.

ಬೀದಿಯಲ್ಲಿ ಅಂದು ಉಗಿದಿದ್ದವನೇ ಮುಂದೆ ಬಂದ. ಮುಖ ಗಂಟಾಗಿಯೇ ಇತ್ತು.

"ತರಬೇತಿ ಅಂತಾರಲ್ಲ ಮೇಸ್ತ್ರಿ, ನಲವತ್ತೈದು ದಾಟಿದೋರಿಗೂ ಕೊಡ್ತಾರಾ?"

"ನನಗೂ ಗೊತ್ತಿಲ್ಲ" ಎಂದ ಮೇಸ್ತ್ರಿ. "ಬಾ, ಒಳಗೆ ಹೋಗಿ ಕೇಳೋಣ."