ಸಿಪ್ಪೆಯ ಬಿರಡೆ

ಕಾಡಸಿದ್ದಪ್ಪ ನನ್ನ ಹೆಂಡತಿಯ ಸೋದರಮಾವ. ಹಾಲ್ಕುರಿಕೆ ಕಡೆಯ ಒಂದು ಸಣ್ಣ ಹಟ್ಟಿಯಲ್ಲಿ ಅವರ ಮನೆ, ತೆಂಗಿನ ತೋಟ. ನಾನು ತಿಪಟೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೆ. ಆ ಕಾರಣಕ್ಕೆ ಮಾವ ನನ್ನನ್ನು ಅಳಿಯ ಎನ್ನುವುದು ಬಿಟ್ಟು 'ಮೇಷ್ಟ್ರೇ' ಎಂದೇ ಕರೆಯುತ್ತಿದ್ದರು. ಆ ಮರ್ಯಾದೆಗೆ ತಕ್ಕ ಒಂದೇ ಒಂದು ಕೆಲಸ ನನ್ನ ಪಾಲಿಗೆ ಬಂದದ್ದು ಎಂಬತ್ತಮೂರನೇ ಇಸವಿಯಲ್ಲಿ.

ಹಟ್ಟಿಯ ಮೇಲುಗಡೆ ಒಂದು ಬಣ್ಣದ ಶೆಡ್ಡು ಬಂದಿತ್ತು. ಕಂಬಳಿ ನೇಯುವವರಿಗೆ ಉಣ್ಣೆ ನೂಲಿಗೆ ಬಣ್ಣ ಹಾಕಿಕೊಡುವ ಕೆಲಸ. ಬಣ್ಣ ಕಚ್ಚಿಕೊಳ್ಳಲೆಂದು ಕಿತ್ತಳೆ ಬಣ್ಣದ ಒಂದು ಹರಳನ್ನು ನೀರಿಗೆ ಹಾಕಿ ಕುದಿಸುತ್ತಿದ್ದರು. ಕುದಿಸಿದ ನೀರನ್ನು ಹಿತ್ತಲಿನ ಗುಂಡಿಗೆ ಬಿಡುತ್ತಿದ್ದರು. ಗುಂಡಿಗೆ ಬಿಟ್ಟದ್ದು ಅಲ್ಲೇ ಕೂತಿರುತ್ತದೆಯೇ? ಮಳೆಗಾಲ ಮುಗಿಯುವ ಹೊತ್ತಿಗೆ ಹಟ್ಟಿಗೆಲ್ಲ ಇದ್ದ ಒಂದೇ ಸೇದುವ ಬಾವಿಯ ನೀರು, ಅರಿಶಿನದ ಕೈ ಅದ್ದಿದ ಹಾಗೆ ತಿಳಿಹಳದಿಯಾಯಿತು. ಮಾವನ ಹೆಂಡತಿ ಕಲ್ಲಮ್ಮತ್ತೆಯ ಕೈಬೆರಳ ಸಂದಿಯಲ್ಲಿ ಹುಣ್ಣುಗಳಾದವು. ಸಣ್ಣ ಹುಣ್ಣುಗಳೇ, ಆದರೆ ಒಳಕ್ಕೆ ಗುಳಿ ಬೀಳುವಂಥವು. ಯಾವ ಮುಲಾಮಿಗೂ ಮಾಯಲಿಲ್ಲ. ಹೆದರಿದ ಹಟ್ಟಿಯವರು ಆ ನೀರು ಕುಡಿಯುವುದು ಬಿಟ್ಟು, ಕೆರೆ ಏರಿಯಾಚೆಯ ಬಾವಿಯಿಂದ ಹೊತ್ತು ತರತೊಡಗಿದರು.

ನಾನೂ ಮಾವನೂ ತಾಲ್ಲೂಕು ಆಫೀಸಿಗೆ ಹೋದೆವು. ಅಲ್ಲಿನ ಅಧಿಕಾರಿ ಕೆಟ್ಟವರಲ್ಲ, ಕಾಗದವನ್ನಷ್ಟೇ ನಂಬುವವರು. "ಗುಂಡಿ ಅವರ ಸ್ವಂತ ಜಾಗದಲ್ಲಿದೆ. ಬಾವಿ ನೀರಲ್ಲಿ ವಿಷ ಇದೆ ಅಂತ ಬೆಂಗಳೂರಿನ ಲ್ಯಾಬಿಂದ ರಿಪೋರ್ಟು ತನ್ನಿ. ಅವತ್ತೇ ಶೆಡ್ಡಿಗೆ ಬೀಗ ಹಾಕಿಸ್ತೀನಿ" ಎಂದರು. ನನಗೆ ಸಂತೋಷವೇ ಆಯಿತು. ಇಷ್ಟು ಸಲೀಸು ಎಂದುಕೊಂಡಿರಲಿಲ್ಲ.

ಆ ಲ್ಯಾಬಿನಲ್ಲಿ ಗಿರಿಜಾಂಬಿಕಾ ಇದ್ದಳು, ಮೈಸೂರಿನಲ್ಲಿ ನನ್ನ ಜೊತೆ ಓದಿದವಳು. ಟ್ರಂಕ್ ಕಾಲ್ ಹಾಕಿ ವಿಷಯ ಹೇಳಿದಾಗ ಅವಳ ದನಿಯಲ್ಲಿ ಉತ್ಸಾಹ ಉಕ್ಕಿತು. ಹರಳಿನಲ್ಲಿರುವುದು ಕ್ರೋಮಿಯಂ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಎಷ್ಟು ಕ್ರೋಮಿಯಂ ಇದೆ ಎಂದು ಕೇಳುವ ಕಾಲ ಹೋಯಿತು, ಯಾವ ರೂಪದಲ್ಲಿದೆ ಎಂದು ಕೇಳುವ ಕಾಲ ಬಂದಿದೆ ಎಂದಳು. ಹೊರದೇಶಗಳಲ್ಲಿ ಇದಕ್ಕಾಗಿಯೇ ಒಂದು ಗುಂಪು ಕಟ್ಟಿಕೊಂಡಿದ್ದಾರಂತೆ. ಪಾದರಸ, ಸೀಸ, ತವರ ಎಲ್ಲವನ್ನೂ ರೂಪ ರೂಪವಾಗಿ ಬಿಡಿಸಿ ನೋಡುತ್ತಿದ್ದಾರಂತೆ, ವರ್ಷ ವರ್ಷ ಸಭೆ ಸೇರಿ ಜಗಳವಾಡುತ್ತಾರಂತೆ. ಅವರ ಪತ್ರಿಕೆ ಹಡಗಿನಲ್ಲಿ ಬಂದು ಇವಳ ಕೈ ಸೇರುವಷ್ಟರಲ್ಲಿ ಆ ಜಗಳ ಹಳತಾಗಿರುತ್ತದಂತೆ. "ಹಳ್ಳಿ ಬಾವಿಯ ನೀರನ್ನ ಈ ಕಣ್ಣಲ್ಲಿ ನೋಡ್ತಿರೋದು ಇದೇ ಮೊದಲು. ಬೇಗ ಕಳಿಸು" ಎಂದಳು.

ಇದನ್ನು ಮಾವನಿಗೆ ಹೇಗೆ ಹೇಳುವುದು? ಕೊಬ್ಬರಿಯ ಹೋಲಿಕೆ ಕೊಟ್ಟು ಹೇಳಿದೆ. ಅಟ್ಟದ ಮೇಲೆ ಅಕ್ಕಪಕ್ಕ ಇರುವ ಎರಡು ಕಾಯಿ. ಒಂದು ಒಳ್ಳೇ ಕೊಬ್ಬರಿ ಆಗುತ್ತದೆ, ಇನ್ನೊಂದು ಕೌಟು ಹಿಡಿದು ಕೆಡುತ್ತದೆ. ಎರಡೂ ಅದೇ ಮರದ ಕಾಯಿಯೇ. ಹಾಗೆಯೇ ಕ್ರೋಮಿಯಂನ ಒಂದು ರೂಪ ಮೈಗೆ ಚೂರುಪಾರು ಬೇಕಾದದ್ದು. ಇನ್ನೊಂದು ವಿಷ, ಹಳದಿ ಬಣ್ಣ ಅದರದ್ದೇ. ಮಾವ ತಲೆಯಾಡಿಸಿದರು. "ಒಡೆದು ನೋಡೋವರ್ಗೂ ಗೊತ್ತಾಗಕಿಲ್ಲ ಅನ್ನಿ."

ಗಾಜಿನ ಬಿರಡೆಯ ಬಾಟಲಿಯನ್ನು ನಾನೇ ತೊಳೆದು ಕೊಟ್ಟೆ. ಗ್ರಾಮ ಲೆಕ್ಕಿಗ ಅಣ್ಣಯ್ಯ ಬಾವಿಯ ಬಳಿ ನಿಂತು ನೀರು ತುಂಬಿಸಿ, ಬಾಟಲಿಯ ಕತ್ತಿಗೆ ಸೀಲಿನ ಚೀಟಿ ಕಟ್ಟಿದರು. ದೂರು ಕೊಟ್ಟವರೇ ಒಯ್ಯಬೇಕೆಂಬ ನಿಯಮ. ನನಗೆ ಪರೀಕ್ಷೆಯ ಡ್ಯೂಟಿ ಬೇರೆ. ಮಾವ ಒಬ್ಬರೇ ಬಸ್ಸು ಹತ್ತಿದರು.

ಕೆಲವು ವಾರ ಕಳೆದು ರಿಪೋರ್ಟು ಬಂತು. ಕ್ರೋಮಿಯಂ ಇದೆ. ಎಲ್ಲವೂ ನಿರುಪದ್ರವಿ ರೂಪದಲ್ಲಿದೆ. ವಿಷದ ರೂಪ ಕಂಡುಬಂದಿಲ್ಲ.

ನಾನು ನಂಬಲಿಲ್ಲ. ಹಟ್ಟಿಗೆ ಓಡಿದೆ. ಅಷ್ಟರಲ್ಲಿ ಶೆಡ್ಡಿನ ಯಜಮಾನ ರಿಪೋರ್ಟಿನ ನಕಲನ್ನು ಬಾಗಿಲಿಗೆ ಅಂಟಿಸಿ, ಬಾವಿಯ ನೀರಿನಲ್ಲಿ ಟಾನಿಕ್ಕಿದೆ ಎಂದು ಹೇಳಿಕೊಂಡು ತಿರುಗಿದ್ದ. ಹಟ್ಟಿಯ ಹೆಂಗಸರು ಏರಿಯಾಚೆಗೆ ಹೋಗುವುದನ್ನು ನಿಲ್ಲಿಸಿ ಇದೇ ಬಾವಿಗೆ ಮತ್ತೆ ಹಗ್ಗ ಇಳಿಬಿಟ್ಟಿದ್ದರು. ನಾವು ದೂರು ಕೊಡದೆ ಸುಮ್ಮನಿದ್ದಿದ್ದರೆ ಕಡೇಪಕ್ಷ ಹೆದರಿಕೆಯಾದರೂ ಅವರನ್ನು ಕಾಯುತ್ತಿತ್ತು.

"ದಾರೀಲಿ ಏನಾದ್ರೂ ಆಯ್ತಾ ಮಾವ?" ಎಂದು ಕೇಳಿದೆ.

ಮಾವನ ಮುಖ ಅರಳಿತು. ಹೇಳಿಕೊಳ್ಳಲು ಕಾದಿದ್ದರು ಅಂತ ಕಾಣುತ್ತದೆ. "ಕಿಬ್ಬನಹಳ್ಳಿ ಕ್ರಾಸ್‌ನಾಗೆ ಬಸ್ಸು ಇಳಿಯುವಾಗ ಯಾವನೋ ಮೂಟೆ ತಾಗಿಸ್ದ. ಗಾಜಿನ ಬಿರಡೆ ಬಿದ್ದು ಪುಡಿ ಪುಡಿ. ನನ್ನ ಜೀವ ಹಾರೋಯ್ತು. ಪಕ್ಕದಾಗೇ ಎಳನೀರು ಕೊಚ್ತಿದ್ರು. ಹಸಿ ಸಿಪ್ಪೆ ಕೆತ್ತಿ ಬಾಟ್ಲಿ ಬಾಯಿಗೆ ಬಿಗಿಯಾಗಿ ಜಡ್ದೆ. ಕತ್ತಿನ ಸೀಲು ಚೀಟಿ ಹಂಗೇ ಇತ್ತು. ಬೆಂಗ್ಳೂರು ಸೇರೋ ಹೊತ್ಗೆ ಲ್ಯಾಬು ಬಾಗ್ಲಾಕಿತ್ತು. ಮಾರ್ನೇ ದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಸಿಪ್ಪೆ ಒಣಗಿದ್ರೆ ಸಡ್ಲ ಆಯ್ತದೆ ಅಂತ ಬಾಟ್ಲೀನ ಮಲಗಿಸೇ ಇಟ್ಟಿದ್ದೆ. ನೀರು ಕುಡ್ದು ಊದ್ಕೊಂತದಲ್ಲ. ಸೋಮವಾರದ ಗಂಟ ಒಂದು ತೊಟ್ಟು ಸೋರ್ಲಿಲ್ಲ ಕಣ್ರೀ ಮೇಷ್ಟ್ರೇ."

ನಮ್ಮ ಸೀಮೆಯಲ್ಲಿ ಸೀಮೆಎಣ್ಣೆ ಬಾಟಲಿಗೂ ಜೇನುತುಪ್ಪದ ಬಾಟಲಿಗೂ ಬಿರಡೆ ಎಂದರೆ ತೆಂಗಿನ ಸಿಪ್ಪೆಯೇ. ಯಾರಾದರೂ ಅದನ್ನೇ ಮಾಡುತ್ತಿದ್ದರು. ಆದರೆ ಎಳನೀರು ಕೊಚ್ಚುವವನ ಅಂಗೈ ಕಪ್ಪಾಗಿರುವುದನ್ನು ನೋಡಿದವರಿಗೆ ಹಸಿ ಸಿಪ್ಪೆಯ ಒಗರು ಎಂಥದ್ದೆಂದು ಗೊತ್ತು. ಆ ಒಗರು ಎರಡು ರಜೆಯ ದಿನಗಳೂ ಬಾಟಲಿಯೊಳಕ್ಕೆ ಇಳಿದು, ವಿಷದ ರೂಪವನ್ನು ನಿರುಪದ್ರವಿ ರೂಪಕ್ಕೆ ತಿರುಗಿಸಿಬಿಟ್ಟಿತ್ತು. ಲ್ಯಾಬಿನ ಕೌಂಟರಿನವರು ಸಿಪ್ಪೆಯನ್ನು ಕಿತ್ತು ಬಿಸಾಕಿ, ನೀರನ್ನು ತಮ್ಮ ಬಾಟಲಿಗೆ ಬಗ್ಗಿಸಿ ಗಿರಿಜಾಂಬಿಕಾಳ ಮೇಜಿಗೆ ಕಳಿಸಿದ್ದರು. ಅವಳು ಕಂಡದ್ದನ್ನು ಬರೆದಿದ್ದಳು. ಯಾರನ್ನು ಬೈಯುವುದು?

ಗಿರಿಜಾಂಬಿಕಾಳಿಗೆ ಫೋನು ಮಾಡಿ ಸಿಪ್ಪೆಯ ವಿಷಯ ಹೇಳಿದೆ. "ಹೊರದೇಶದ ಆ ಸಭೆಗಳಲ್ಲೂ ಇದೇ ಗೋಳು ಕಣೋ. ಎಷ್ಟಿದೆ ಅನ್ನೋದು ಹಾದಿಯಲ್ಲಿ ಬದಲಾಗೋದು ಕಡಿಮೆ, ಯಾವ ರೂಪ ಅನ್ನೋದು ಮುಟ್ಟಿದ್ರೆ ಬದಲಾಗುತ್ತೆ. ಇನ್ನೊಂದು ಬಾಟಲಿ ಸೀಲಿನ ಜೊತೆ ಕಳಿಸು. ಸೀಲಿಲ್ಲದೆ ನಾನು ಬರೆದ್ರೆ ಅದು ರಿಪೋರ್ಟೇ ಅಲ್ಲ" ಎಂದಳು.

ಮಾವನಿಗೆ ಹೇಳಲೇಬೇಕಾಯಿತು. ಅವರದೇನೂ ತಪ್ಪಿಲ್ಲ, ಸಿಪ್ಪೆ ವಿಷವನ್ನು ಸಾಯಿಸಿಬಿಟ್ಟಿದೆ, ಅಷ್ಟೇ ಎಂದೆ. ಬೇರೆ ಬಾಟಲಿ ತರುವವರೆಗೆ ಬಾವಿಯ ನೀರು ಮುಟ್ಟಬೇಡಿ ಎಂದೆ. ಅವರು ತಮ್ಮ ಕೈಯನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡರು. ಆ ಹೊತ್ತಿನಲ್ಲಿ ಅವರನ್ನು ನೋಡಲು ನನ್ನಿಂದಾಗಲಿಲ್ಲ.

ಅಧಿಕಾರಿಯ ಕಾಲು ಹಿಡಿಯುವುದೊಂದು ಬಾಕಿ. ಸರ್ಕಾರದ ರಿಪೋರ್ಟು ಬಂದ ಮೇಲೆ ಇನ್ನೊಂದು ಯಾಕೆ ಎಂದರು, ನಾಳೆ ಬನ್ನಿ ಎಂದರು, ಮುಂದಿನ ವಾರ ಬನ್ನಿ ಎಂದರು. ಕೊನೆಗೆ ನನ್ನ ಕಾಟ ತಡೆಯದೆ ಒಪ್ಪಿದರು. ಹೊಸ ಬಾಟಲಿಯ ಜೊತೆಗೆ ಬಿರಡೆಗಳನ್ನೂ ಹೆಚ್ಚಾಗಿ ಜೇಬಿಗೆ ಹಾಕಿಕೊಂಡು, ಅಣ್ಣಯ್ಯನವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹಟ್ಟಿಗೆ ಹೋದೆ.

ಬಾವಿಯ ಕಟ್ಟೆಯ ಪಕ್ಕ ಖಾಲಿ ಗಾಡಿ ನಿಂತಿತ್ತು. ಬಗ್ಗಿ ನೋಡಿದೆ. ನೀರೇ ಕಾಣಲಿಲ್ಲ. ಹಸಿ ಸಿಪ್ಪೆ, ಬಾವಿಯ ತುಂಬ ಹಸಿ ಸಿಪ್ಪೆ. ಸಂದಿಯಲ್ಲಿ ಕಂಡಷ್ಟು ನೀರು ಕಾಫಿ ಡಿಕಾಕ್ಷನ್ ಹಾಗೆ ಇತ್ತು.

"ನೀವು ಹೇಳಿದ್ ದಿನದಿಂದ ಗಾಡೀಲಿ ತಂದು ಸುರೀತಾ ಇವ್ನಿ" ಎಂದರು ಮಾವ. ಕಣ್ಣು ಕೆಂಪಾಗಿದ್ದವು. "ಒಂದು ತುಂಡು ಬಾಟ್ಲೀಲಿರೋ ವಿಷ ಸಾಯಿಸ್ತು. ಇಷ್ಟು ಸಿಪ್ಪೆ ಬಾವೀದು ಸಾಯ್ಸಕಿಲ್ವಾ? ನನ್ನಿಂದ ಕೆಟ್ಟಿದ್ದು ನಾನೇ ಸರಿ ಮಾಡ್ಬೇಕಲ್ಲ ಮೇಷ್ಟ್ರೇ."

ಅಣ್ಣಯ್ಯ ಬಗ್ಗಿ ನೋಡಿ ಎದ್ದರು. "ಇದಕ್ಕೆ ನಾನು ಸೀಲು ಹಾಕಿದ್ರೆ ನನ್ನ ಕೆಲ್ಸ ಹೋಯ್ತದೆ ಬುಡಿ ಸಾರ್" ಎಂದು ರಸ್ತೆಯ ಕಡೆ ನಡೆದರು. ಅವರ ಮೇಲೆ ರೇಗಿದೆ, ಅವರು ತಿರುಗಿಯೂ ನೋಡಲಿಲ್ಲ. ಇನ್ನು ಈ ಬಾವಿಯಲ್ಲಿ ವಿಷವಿತ್ತೆಂದು ಯಾವ ಲ್ಯಾಬಿಗೂ ತೋರಿಸುವಂತಿರಲಿಲ್ಲ. ಮೇಲುಗಡೆ ಶೆಡ್ಡಿನಲ್ಲಿ ಹಂಡೆ ಕುದಿಯುತ್ತಲೇ ಇತ್ತು.

ಮನೆಯೊಳಗೆ ಹೋದೆವು. ಕಲ್ಲಮ್ಮತ್ತೆ ಮುದ್ದೆಗೆ ಒಲೆ ಹಚ್ಚಿದ್ದರು. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಚೊಂಬಿಗೆ ತುಂಬಿ ನನ್ನ ಮುಂದೆ ಹಿಡಿದರು. ಬೆರಳ ಸಂದಿಯ ಗುಳಿಗಳಿಗೆ ಅರಿಶಿನ ಮೆತ್ತಿದ್ದರು.

"ಇದ್ನ ಕುಡೀಬೋದಾ ಮೇಷ್ಟ್ರೇ?"

ಇಡೀ ಜೀವಮಾನದಲ್ಲಿ ನನ್ನನ್ನು ಯಾರೂ ಇಷ್ಟು ನೇರವಾದ ಕೆಮಿಸ್ಟ್ರಿ ಪ್ರಶ್ನೆ ಕೇಳಿಲ್ಲ. ಸಿಪ್ಪೆಯ ಒಗರು ಎಷ್ಟು ವಿಷ ತಿರುಗಿಸೀತು? ಇವತ್ತಿನದು ತಿರುಗಿದರೆ ನಾಳೆ ಶೆಡ್ಡಿನಿಂದ ಇಳಿಯುವುದು? ಇವತ್ತಿನ ಬಾಟಲಿ ಇವತ್ತಿನದನ್ನು ಮಾತ್ರ ಹೇಳುತ್ತದೆ. ಸಭೆ ಸೇರಿ ಜಗಳವಾಡುವ ಆ ದೊಡ್ಡವರಲ್ಲಿ ಒಬ್ಬರಾದರೂ ಸಿಪ್ಪೆ ಸುರಿದ ಬಾವಿಯನ್ನು ಅಳೆದಿರಲಾರರು. ಬೇಡ ಎಂದರೆ ಈ ಕೈಯಲ್ಲಿ ಏರಿಯಾಚೆಯಿಂದ ನೀರು ಹೊರಬೇಕು, ಎಷ್ಟು ವರ್ಷವೆಂದು ಹೇಳುವವರಿಲ್ಲ. ಮಾವ ಬಾಗಿಲಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು.

"ಗೊತ್ತಿಲ್ಲ ಅತ್ತೆ" ಎಂದೆ.

ಕಲ್ಲಮ್ಮತ್ತೆ ಚೊಂಬನ್ನು ತಮ್ಮ ಕಡೆಗೆ ಎಳೆದುಕೊಂಡರು. "ಗೊತ್ತಿಲ್ಲ ಅಂದ್ರೆ ಕುಡೀಬೋದು ಅಂತಾನೇ ಬುಡಿ. ಕುಡೀಬಾರ್ದು ಅಂಗಿದ್ರೆ ನೀವು ಬ್ಯಾಡ ಅಂತಿದ್ರಿ" ಎಂದು, ಚೊಂಬನ್ನು ಎತ್ತಿ ಗಟಗಟನೆ ಕುಡಿದರು. ಉಳಿದ ನೀರನ್ನು ಮುದ್ದೆಯ ಎಸರಿಗೆ ಸುರಿದರು.