ಬಟ್ಟೆ ಹಾಕಿಕೊಂಡೇ ಈಜಿದವನು

ಬೊನೇರ್ ಕೆರಿಬಿಯನ್ ಸಮುದ್ರದಲ್ಲಿದ್ದರೂ ಲೆಕ್ಕಕ್ಕೆ ನೆದರ್‌ಲ್ಯಾಂಡ್ಸೇ. ಹಾರ್ಲೆಮ್‌ನ ಮನೆಗೆ ಬೀಗ ಹಾಕಿ, ವಿಮಾನದಲ್ಲಿ ಕಾಲು ಮಡಚಿಕೊಂಡು ಸಮುದ್ರ ದಾಟಿ ಬಂದರೆ ಇಲ್ಲೂ ಅದೇ ಡಚ್ ಬೋರ್ಡು, ಅದೇ ಚೀಸು. ವ್ಯತ್ಯಾಸ ಇಷ್ಟೇ: ಇಲ್ಲಿ ಬಿಸಿಲಿದೆ, ರಸ್ತೆಯಲ್ಲಿ ಕತ್ತೆಗಳಿವೆ, ಮತ್ತು ನನ್ನ ಗಂಡ ದಿವಾಕರ ಲ್ಯಾಪ್‌ಟಾಪ್ ತಂದಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಇದೇ ಮೊದಲು. ಬೀಚಿನ ಒರಗು ಕುರ್ಚಿಯಲ್ಲಿ ಟೋಪಿಯನ್ನು ಮುಖಕ್ಕೆ ಮುಚ್ಚಿಕೊಂಡು ಬಿದ್ದಿದ್ದ ಅವನನ್ನು ನೋಡಿ, ಪರವಾಗಿಲ್ಲ ಮೈಥಿಲಿ, ನಿನ್ನ ಹಟಕ್ಕೂ ಫಲ ಸಿಕ್ಕಿತು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ದ್ವೀಪದ ಗಾಳಿಗೆ ಬಿಡುವೆಂಬುದಿಲ್ಲ. ಎರಡನೇ ದಿನ ಬೆಳಿಗ್ಗೆ ಅದು ನನ್ನ ಇಳಕಲ್ ದುಪಟ್ಟಾವನ್ನು ಹೆಗಲಿಂದ ಎತ್ತಿಕೊಂಡು ಹೋಗಿ ನೀರಿಗೆ ಹಾಕಿತು. ನೋಡುನೋಡುತ್ತಿದ್ದಂತೆ ಅದು ದೂರ ಸರಿಯಿತು. ನಾನು ಹೋಟೆಲಿನ ಹುಡುಗರನ್ನು ಕರೆಯಲು ಎದ್ದೆ. ಅಷ್ಟರಲ್ಲಿ ದಿವಾಕರ ಕನ್ನಡಕ ತೆಗೆದು ನನ್ನ ಕೈಗಿಟ್ಟ. ಶರ್ಟು, ಚಡ್ಡಿ, ಕಾಲಿನ ಕ್ಯಾನ್ವಾಸ್ ಶೂ ಸಮೇತ ನೀರಿಗಿಳಿದ. ಸೊಂಟದವರೆಗೆ ನೀರು ಬಂದಾಗ ನನ್ನ ಜೀವ ಬಾಯಿಗೆ ಬಂತು. ಅವನು ಮುಂದಕ್ಕೆ ಬಾಗಿ, ಕೈ ಅಗಲಿಸಿ, ಕಾಲು ಒದ್ದು, ಅವಸರವೇ ಇಲ್ಲದೆ ಈಜಿಕೊಂಡು ಹೋದ. ದುಪಟ್ಟಾ ಹಿಡಿದು ಕುತ್ತಿಗೆಗೆ ಸುತ್ತಿಕೊಂಡು ಹಾಗೆಯೇ ವಾಪಸ್ ಬಂದ.

ಹೆಂಡತಿಯಾದವಳು ಹೆಮ್ಮೆ ಪಡಬೇಕಿತ್ತು. ನನಗೆ ಅನುಮಾನ ಬಂತು. ಯಾಕೆಂದರೆ ಈ ಮನುಷ್ಯನಿಗೆ ಈಜು ಬರುವುದಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದವನು ಕಾವೇರಿಯಲ್ಲೂ ದಡದಲ್ಲಿ ಕೂತು ಚೊಂಬಿನಲ್ಲಿ ನೀರು ಹುಯ್ದುಕೊಂಡವನು. ಹನಿಮೂನಿಗೆ ಹೋದಾಗ ಹೋಟೆಲಿನ ಪೂಲಿನಲ್ಲಿ ಕಾಲು ಜಾರಿ, "ಅಮ್ಮಾ, ಮುಳುಗಿದೆ" ಎಂದು ಕೂಗಿಕೊಂಡಿದ್ದ. ಅಲ್ಲಿನ ಕಾವಲುಗಾರ ಬಂದು, "ಸಾರ್, ಎದ್ದು ನಿಂತ್ಕೊಳಿ" ಎಂದಿದ್ದ. ನಿಂತರೆ ನೀರು ಅವನ ತೊಡೆಯವರೆಗಿತ್ತು. ಈ ಕಥೆಯನ್ನು ನಾನು ಎಷ್ಟು ಮನೆಗಳಲ್ಲಿ ಹೇಳಿದ್ದೇನೋ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

"ಎಲ್ಲಿ ಕಲಿತೆ?" ಎಂದೆ.

"ಪೂಲ್‌ನಲ್ಲಿ. ಬೈಟನ್‌ವೆಲ್ಡರ್ಟ್‌ನಲ್ಲಿ, ಆಫೀಸ್ ಹತ್ರಾನೇ."

"ಮಂಗಳವಾರದ ಲೇಟ್ ಮೀಟಿಂಗು ಇದೇನಾ?"

ಅವನು ಶರ್ಟಿನ ಅಂಚು ಹಿಂಡುತ್ತ ಹೂಂ ಎಂದ. ಆಗ ನನಗೆ ಏಪ್ರಿಲ್‌ನ ಒಂದು ಸಂಜೆ ನೆನಪಾಯಿತು. ಅವನ ಬ್ಯಾಗಿನಲ್ಲಿ ಜೀನ್ಸು, ಶರ್ಟು, ಶೂ ಎಲ್ಲ ತೊಪ್ಪೆಯಾಗಿದ್ದವು. ಮಳೆಯಲ್ಲಿ ನೆಂದೆ ಎಂದಿದ್ದ. ಬಟ್ಟೆಗೆ ಕ್ಲೋರಿನ್ ವಾಸನೆ ಇತ್ತು. ಈ ದೇಶದ ಮಳೆಗೆ ಏನು ಬೇಕಾದರೂ ವಾಸನೆ ಇರಬಹುದೆಂದು ನಾನೂ ಪೆದ್ದಿಯ ಹಾಗೆ ಒಗೆಯಲು ಹಾಕಿದ್ದೆ.

"ಅವತ್ತು ಡಿಪ್ಲೊಮಾ ಎಕ್ಸಾಮ್ ಇತ್ತು," ಎಂದ. "ಈಜಿನ ಎ ಡಿಪ್ಲೊಮಾ, ಮೊದಲನೇ ಹಂತದ್ದು. ಬಟ್ಟೆ ಹಾಕ್ಕೊಂಡೇ ಮಾಡ್ಬೇಕು."

ಅದು ನನಗೂ ಗೊತ್ತು. ನೆದರ್‌ಲ್ಯಾಂಡ್ಸ್‌ನಲ್ಲಿ ಕಾಲಿಟ್ಟಲ್ಲಿ ಕಾಲುವೆ. ಯಾರೂ ಈಜುಡುಗೆ ಹಾಕಿಕೊಂಡು ಕಾಲುವೆಗೆ ಬೀಳುವುದಿಲ್ಲವಲ್ಲ, ಅದಕ್ಕೆ ಶೂ ಸಮೇತ ಈಜಿಸಿ ಪರೀಕ್ಷೆ ಮಾಡುತ್ತಾರೆ. ಅದು ಡಚ್ಚರಿಗೆ ನಮ್ಮ ಉಪನಯನದಷ್ಟೇ ದೊಡ್ಡದು. ಪಕ್ಕದ ಮನೆಯ ಮಗುವಿನ ಪರೀಕ್ಷೆಗೆ ನಾನೇ ಹೋಗಿದ್ದೆ. ಅಜ್ಜಿ, ತಾತ, ಅತ್ತೆ, ಮಾವ ಎಲ್ಲ ಪೂಲಿನ ದಡದ ಬೆಂಚಿನಲ್ಲಿ ಹೂವು ಹಿಡಿದು ಕೂತು ಚಪ್ಪಾಳೆ ತಟ್ಟಿದ್ದರು. ಯಾರೂ ಬರದ ಮಗು ಒಂದೂ ಇರಲಿಲ್ಲ.

"ನಿನ್ನ ಎಕ್ಸಾಮ್‌ಗೆ ಯಾರು ಬಂದಿದ್ರು?"

ಅವನು ಸಮುದ್ರದ ಕಡೆ ನೋಡಿದ. "ನಿಸರ್ಗ ಬಂದಿದ್ಲು."

ನಿಸರ್ಗ ಅವನ ಟೀಮಿನ ಹುಡುಗಿ. ಕಾರವಾರದವಳು, ಮೀನಿನ ಹಾಗೆ ಈಜುತ್ತಾಳಂತೆ. ನಮ್ಮ ಮನೆಯಲ್ಲಿ ಕೂತು ನನ್ನ ಬಿಸಿಬೇಳೆಬಾತನ್ನು ಎರಡೆರಡು ಸಲ ಬಡಿಸಿಕೊಂಡು ತಿಂದವಳು. ಮನೆ ಊಟ ಸಿಕ್ಕದ ಪಾಪದ ಹುಡುಗಿ ಎಂದು ಡಬ್ಬಿಗೂ ಹಾಕಿಕೊಟ್ಟಿದ್ದೆ. ಹಾವಿಗೆ ಹಾಲೆರೆದ ಹಾಗಾಯಿತು.

"ಹೂವು ತಂದಿದ್ಲಾ?"

"ತಂದಿದ್ಲು."

"ಎಲ್ಲಿ ಆ ಹೂವು?"

"ಆಫೀಸಲ್ಲೇ ಬಿಟ್ಟು ಬಂದೆ."

ಹೊಟ್ಟೆಯಲ್ಲಿ ಒಲೆ ಹಚ್ಚಿದ ಹಾಗಾಯಿತು. ಮುತ್ತು ಕೊಟ್ಟಳು ಎಂದಿದ್ದರೆ ನಾನು ನಿಭಾಯಿಸುತ್ತಿದ್ದೆ. ನಮ್ಮಮ್ಮನಿಗೆ, ಅವರಮ್ಮನಿಗೆ ಫೋನು ಮಾಡಿ, ಅತ್ತು ಕರೆದು ಪಂಚಾಯ್ತಿ ಸೇರಿಸುತ್ತಿದ್ದೆ. ನನ್ನ ಗಂಡ ಈಜು ಕಲಿತ, ಇನ್ನೊಬ್ಬಳು ಚಪ್ಪಾಳೆ ತಟ್ಟಿದಳು ಎಂದರೆ ಯಾವ ಪಂಚಾಯ್ತಿಯವರು ಕೂರುತ್ತಾರೆ?

"ಅವಳಿಗೂ ನಿಂಗೂ ಏನಾದ್ರೂ ಇದ್ಯಾ? ಇದ್ರೆ ಈಗ್ಲೇ ಹೇಳ್ಬಿಡು."

"ಏನಿಲ್ಲ ಮಾರಾಯ್ತಿ. ಅವಳು ಜನವರಿಲಿ ಮದ್ವೆ ಆಗ್ತಿದಾಳೆ. ನಿನ್ನನ್ನೇ ಅಕ್ಕ ಅಂತಾಳೆ."

ನಿಜವನ್ನೇ ಹೇಳುತ್ತಿದ್ದ. ಸುಳ್ಳು ಹೇಳುವಾಗ ಅವನ ಕಿವಿ ಕೆಂಪಾಗುತ್ತದೆ, ಆಗಿರಲಿಲ್ಲ. ಆದರೂ ಒಲೆ ಆರಲಿಲ್ಲ.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ? ನಾನೇನು ಬೀದೀಲಿ ಹೋಗೋಳಾ?"

ಅವನು ಒದ್ದೆ ಶೂ ಬಿಚ್ಚಿ, ಮರಳು ಕೊಡವಿ, ಪಕ್ಕಕ್ಕೆ ಜೋಡಿಸಿಟ್ಟ. ಅವನಿಗೆ ಸಿಟ್ಟು ಬಂದಾಗ ಹೀಗೆಯೇ ವಸ್ತುಗಳನ್ನು ಜೋಡಿಸುತ್ತಾನೆ.

"ನಮ್ಮ ಆಫೀಸಿನ ಸುಜಯ್ ಮನೇಲಿ ಯುಗಾದಿ ಊಟಕ್ಕೆ ಕೂತಾಗ ಆ ಪೂಲ್ ಕಥೆ ಹೇಳ್ತೀಯ. ದೀಪಾವಳಿಗೂ ಹೇಳ್ತೀಯ. 'ಅಮ್ಮಾ' ಅಂತ ನನ್ನ ಥರಾನೇ ಕಿರುಚಿ ತೋರಿಸ್ತೀಯ. ಕಳೆದ ವರ್ಷ ಎಲ್ಲಾ ನಕ್ರು, ನಿಸರ್ಗ ಒಬ್ಳು ನಗ್ಲಿಲ್ಲ. ಮಾರನೇ ದಿನ ಕಾಫಿ ಮೆಷಿನ್ ಹತ್ರ ಬಂದು, ಇಲ್ಲಿ ದೊಡ್ಡೋರಿಗೂ ಕ್ಲಾಸಿದೆ, ಹೋಗ್ತೀಯಾ ಅಂದ್ಲು. ಅಷ್ಟೇ."

"ತಮಾಷೆಗೆ ಹೇಳೋದಪ್ಪ ಅದು."

"ಗೊತ್ತು. ಅದಕ್ಕೇ ಸುಮ್ನಿದ್ದೆ."

ಮಧ್ಯಾಹ್ನ ಹೋಟೆಲಿನವರು ಕರಿದ ಬಾಳೆಹಣ್ಣು, ಅನ್ನ, ಹುರುಳಿಯಂಥ ಕಾಳು ಕೊಟ್ಟರು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ದಿವಾಕರ ಚೆನ್ನಾಗಿ ತಿಂದ. ಪಕ್ಕದ ಮೇಜಿನ ಡಚ್ ಮುದುಕಿ ಅವನು ಈಜಿದ್ದನ್ನು ನೋಡಿದ್ದಳಂತೆ, ತುಂಬ ಚೆನ್ನಾಗಿ ಈಜುತ್ತೀಯ ಎಂದು ಹೊಗಳಿದಳು. ಅವನು ನಾಚಿಕೊಂಡು ಥ್ಯಾಂಕ್ಸ್ ಹೇಳಿದ. ಆ ಮುದುಕಿಯ ಮೇಲೂ ನನಗೆ ಉರಿ ಬಂತು. ನಾನು ಹೇಳಬೇಕಾದ ಮಾತನ್ನು ಅವಳು ಮೊದಲೇ ಹೇಳಿಬಿಟ್ಟಿದ್ದಳು.

ಸಂಜೆ ಅವನು ಮತ್ತೆ ನೀರಿಗಿಳಿದ. ಈ ಸಲ ನಾನು ದಡದಲ್ಲೇ ಕೂತು ಕಣ್ಣು ಕೀಳದೆ ನೋಡಿದೆ. ಹಾಗೆ ನೋಡಿದರೆ ಅವನು ಚಂದ ಕಾಣುತ್ತಿದ್ದ. ಬೊಜ್ಜು ಬಂದ ಮೈಯನ್ನು ನೀರು ಹಗುರವಾಗಿ ಹೊತ್ತುಕೊಂಡಿತ್ತು. ಇದನ್ನು ಅವಳು ಎಷ್ಟು ಮಂಗಳವಾರ ನೋಡಿದ್ದಾಳೋ ಎನ್ನುವ ಒಂದೇ ಯೋಚನೆ ನನ್ನನ್ನು ತಿನ್ನುತ್ತಿತ್ತು.

ಅವನು ಬಂದು ಟವೆಲು ಹೊದ್ದು ಕೂತಾಗ, "ಮೊದಮೊದಲು ಹೇಗಿತ್ತು?" ಎಂದೆ. ಕೇಳಬಾರದಿತ್ತು, ಆದರೆ ಹುಣ್ಣನ್ನು ಕೆರೆಯದೆ ಇರಲಾಗುವುದಿಲ್ಲ.

"ಭಯ. ಆ ಟೀಚರಮ್ಮ ಉದ್ದ ಕೋಲು ಹಿಡ್ಕೊಂಡು ದಡದಲ್ಲಿ ಬರೋಳು. ನಾನು ಕೋಲು ಬಿಡ್ತಾನೇ ಇರ್ಲಿಲ್ಲ. ಒಂದಿನ ಮೂಗಿಗೆ ನೀರು ಹೋಗಿ, ಮೇಲೆ ಬಂದು ಅತ್ತುಬಿಟ್ಟೆ."

"ಯಾರ ಮುಂದೆ?"

"ನಿಸರ್ಗ ಪಕ್ಕದ ಲೇನ್‌ನಲ್ಲಿದ್ಲು. ಬಂದು ಬೆನ್ನು ತಟ್ಟಿದ್ಲು."

ಇವನು ಅಳುವುದನ್ನು ನಾನು ನೋಡಿಲ್ಲ. ಮಾವ ತೀರಿಕೊಂಡ ಸುದ್ದಿ ಬಂದಾಗಲೂ ಟಿಕೆಟ್ ಬುಕ್ ಮಾಡುತ್ತ ಕೂತಿದ್ದ, ಕಣ್ಣು ಒಣಗಿತ್ತು. ಗಂಡಸು, ಗಟ್ಟಿ ಗುಂಡಿಗೆ ಎಂದುಕೊಂಡಿದ್ದೆ. ಅವನ ಅಳು ಬೇರೆಯವಳ ಪಾಲಿಗೆ ಹೋಗಿತ್ತು. ನನ್ನ ಪಾಲಿಗೆ ಬಂದದ್ದು ದುಪಟ್ಟಾ.

"ಇನ್ನೂ ಇದ್ಯಾ ಕ್ಲಾಸು?"

"ಮುಂದಿನ ಹಂತದ್ದು, ಬಿ ಡಿಪ್ಲೊಮಾ ಇದೆ. ಸೆಪ್ಟೆಂಬರ್‌ನಲ್ಲಿ ಎಕ್ಸಾಮು. ನೀರಿನ ಒಳಗೆ ಇನ್ನೂ ದೂರ ಈಜ್ಬೇಕು ಅದ್ರಲ್ಲಿ, ಸ್ವಲ್ಪ ಕಷ್ಟ."

ನಾನು ಇಷ್ಟು ವರ್ಷದಲ್ಲಿ ಅವನನ್ನು ಯಾವುದಕ್ಕೂ ಕೇಳಿದವಳಲ್ಲ. ಹೇಳಿ ಅಭ್ಯಾಸ. ಬೊನೇರ್‌ಗೆ ಹೋಗೋಣವಾ ಎಂದೂ ಕೇಳಿರಲಿಲ್ಲ, ಹೋಗುತ್ತಿದ್ದೇವೆ ಎಂದಿದ್ದೆ. ಈಗ ಬಾಯಿ ತೆರೆಯಲು ಹೊತ್ತು ಹಿಡಿಯಿತು.

"ನಾನು ಬರ್ಲಾ?"

ಅವನು ಟವೆಲಿನಿಂದ ಕಿವಿ ಒರೆಸಿಕೊಂಡ, ಇನ್ನೊಂದು ಕಿವಿಯನ್ನೂ ಒರೆಸಿಕೊಂಡ.

"ನಿಸರ್ಗಂಗೆ ಬಾ ಅಂತ ಹೇಳಿದೀಯಾ?" ಎಂದೆ.

"ಅವಳಿಗೆ ಆಗ್ಲೇ ಹೇಳಿದೀನಿ."

"ನಂಗೆ?"

"ಯೋಚ್ನೆ ಮಾಡಿ ಹೇಳ್ತೀನಿ ಮೈಥಿಲಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ರಜೆಗೆ ಅರ್ಜಿ ಹಾಕಿದವರಿಗೆ ಹೇಳುವ ಹಾಗೆ, ಮೆತ್ತಗೆ ಹೇಳಿದ.

ನಾನು ಸರಿ ಎಂದೆ.