ಗೆದ್ದಲು ತಿಂದ ಮೂಲೆ

ಕಾವ್ಯ ಬೀರುವಿನ ಮೂರನೆಯ ಅರೆಯನ್ನೂ ನೆಲಕ್ಕೆ ಸುರಿದಳು. ಮದುವೆ ಪತ್ರಿಕೆ, ರೇಷನ್ ಕಾರ್ಡು, ಒಂದು ಹಿಡಿ ಗುಂಡಿ. ಅಪ್ಪನ ಫೋಟೋ ಮಾತ್ರ ಇಲ್ಲ.

"ಅವ್ವಾ, ಹೊಸಪೇಟಿ ಮಂದಿ ಫೋಟೋಕ್ಕೆಲ್ಲ ಕಟ್ಟು ಹಾಕಿದ. ತನ್ನದೊಂದು ಇಟ್ಕೊಳ್ಳಾಕ ಏನಾಗಿತ್ತು ಇವಗ?"

ಪಂಪಾವತಿ ಸುರಿದ ಕಾಗದಗಳನ್ನು ಮತ್ತೆ ಕೆದಕಿದಳು. ಗಂಡನಿಗೆ ಕ್ಯಾಮೆರಾ ಎಂದರೆ ಆಗದು. ಮೊಬೈಲಿನಲ್ಲಿ ಇದ್ದವೆಲ್ಲ ಅವನ ಬೆನ್ನು, ಇಲ್ಲವೇ ಅಡ್ಡ ಹಿಡಿದ ಅಂಗೈ. ಎಪ್ಪತ್ತೆಂಟು ತುಂಬಿ, ಉಂಡು ಮಲಗಿದವನು ಹಾಗೆಯೇ ಹೋಗಿದ್ದ ಗಾದಿಲಿಂಗಪ್ಪ, ಸುಖದ ಸಾವು. ಅಂಗಳದಲ್ಲಿ ಅವನನ್ನು ಕೂರಿಸಿ ಭಜನೆ ಹಚ್ಚಿದ್ದರು. ಇನ್ನೊಂದು ತಾಸಿಗೆ ಎತ್ತುತ್ತಾರೆ. ಆಮೇಲೆ ದೀಪದ ಹಿಂದೆ ಬರಿಗೋಡೆ ನೋಡುತ್ತಾ ಕೂರುವುದು ಅವಳಿಂದಾಗದು.

"ಆಧಾರ್ ಕಾರ್ಡಿಂದ ದೊಡ್ಡದು ಮಾಡಿಸೋಣೇನ್ರಿ?" ಎಂದ ಶೀನಪ್ಪ. ಗಾದಿಲಿಂಗಪ್ಪನ ಫೋಟೋ ಕಟ್ಟಿನ ಅಂಗಡಿಯ ಪಕ್ಕದ ಚಹಾದವನು.

"ಬ್ಯಾಡ್ರೀ ಅಣ್ಣ! ಅದರಾಗ ಪೊಲೀಸ್ರು ಹಿಡ್ಕೊಂಡು ಬಂದಂಗ ಕುಂತಾರ," ಎಂದಳು ಪಂಪಾವತಿ.

ಅಳುತ್ತಿದ್ದವರೂ ಕಿಸಕ್ಕನೆ ನಕ್ಕರು.

"ಹಂಗಾರ ಅಂಗಡ್ಯಾಗಿನ ಹಕ್ಕಿ ಚಿತ್ರಾನ ತರ್ತೀನಿ," ಎಂದ ಶೀನಪ್ಪ. "ದಿನಾ ಅದರ ಮುಂದ ಚಾ ಕುಡೀತಿದ್ದ."

*

ಹನ್ನೆರಡು ವರ್ಷದ ಹಿಂದೆ ಕಂಪ್ಲಿಯ ರೈಸ್‌ಮಿಲ್ ಸಾಹುಕಾರರೊಬ್ಬರು ಆ ಚಿತ್ರ ತಂದಿದ್ದರು, ಒಡೆದ ಗಾಜು ಬದಲಿಸಲು. ಬ್ರಿಟಿಷರ ಕಾಲದ ಅಚ್ಚು, ಮೇಲೆ ಯಾರೋ ಪುಣ್ಯಾತ್ಮ ಕೈಯಾರೆ ತುಂಬಿದ ಬಣ್ಣ. ಹಂಪಿಯ ಬಂಡೆಗಳ ಮೇಲೆ ಕೂಗುತ್ತದಲ್ಲ, ಅದೇ ಹಳದಿ ಕೊರಳಿನ ಪಿಕಳಾರ. ಕಟ್ಟು ಬಿಚ್ಚಿದರೆ ಕೆಳಗಿನ ಮೂಲೆ ಗೆದ್ದಲಿನ ಪಾಲಾಗಿತ್ತು.

"ನೀನ ಇಟ್ಕೋ ಮಾರಾಯ," ಎಂದು ಸಾಹುಕಾರರು ಬಿಟ್ಟುಹೋದರು.

ಗಾದಿಲಿಂಗಪ್ಪ ಅಂಗಡಿ ಮುಚ್ಚಿ ಬಸ್ಸು ಹತ್ತಿ ಹಂಪಿಗೆ ಹೋದ. ದಿನವಿಡೀ ಆ ಹಕ್ಕಿಯನ್ನೇ ನೋಡಿ ಬಂದ. ಮರುದಿನ ಮನೆಯಲ್ಲಿ ಕುಂಚ ಹಿಡಿದು ಕೂತ.

"ಪಂಪಾ, ಕೊರಳಿನ ಹಳದಿ ಮಾಸೇತಿ. ಒಂಚೂರು ಅರಿಷಿಣ ಕೊಡು."

"ಸಾರಿಗೇ ಇಲ್ಲ, ಹಕ್ಕಿಗಂತ ಹಕ್ಕಿಗೆ!" ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈ ಸೊಂಟದ ಮೇಲೆ, ಬಾಗಿಲಲ್ಲಿ ನಿಂತು ಚೆನ್ನಾಗಿ ಬೈದಳು.

ಅವನು ಕನ್ನಡಕದ ಮೇಲಿಂದ ನೋಡಿದ. "ಹಂಗ ನಿಂದ್ರು ಸ್ವಲ್ಪ."

ಇವನಿಗೆಲ್ಲೋ ಹುಚ್ಚು ಎಂದುಕೊಂಡು ಅವಳು ಚಿಟಿಕೆ ಅರಿಷಿಣ ಉದುರಿಸಿ ಒಳಗೆ ಹೋದಳು. ಚಿತ್ರ ಅಂಗಡಿಯ ಮೇಲುಗೋಡೆ ಸೇರಿತು. ಅವಳು ಮತ್ತೆ ಅದನ್ನು ಹತ್ತಿರದಿಂದ ನೋಡಿರಲಿಲ್ಲ.

*

ಕಾವ್ಯ, ಶೀನಪ್ಪ ತಂದ ಚಿತ್ರದ ಗಾಜಿನ ಧೂಳನ್ನು ಸೆರಗಿನಿಂದ ಒರೆಸಿದಳು. ಬಂಡೆಯ ಮೇಲೆ ಹಕ್ಕಿ. ಕೆಳಗೆ, ಗೆದ್ದಲು ತಿಂದಿದ್ದ ಮೂಲೆಯಲ್ಲಿ, ಹೆಬ್ಬೆರಳಷ್ಟೇ ಎತ್ತರದ ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕೂತು ಮೇಲೆ ನೋಡುತ್ತಿದ್ದ. ಜಾರಿದ ಕನ್ನಡಕ, ಬೋಳು ತಲೆ, ದಪ್ಪ ಮೂಗು.

"ಅವ್ವಾ! ಅಪ್ಪ!"

ಅವನ ಹಿಂದೆ ಒಬ್ಬ ಹೆಂಗಸು. ಕೈಯಲ್ಲಿ ಡಬ್ಬಿ.

ಪಂಪಾವತಿ ನಕ್ಕಳು. ನಕ್ಕೂ ನಕ್ಕೂ ಅತ್ತಳು. ಅಂಗಳದಲ್ಲಿ ಭಜನೆಯವರು ತಾಳ ನಿಲ್ಲಿಸಿ ಒಳಗೆ ಇಣುಕಿದರು.

ಶೀನಪ್ಪ ಹಾರ ಎತ್ತಿದ್ದೇ ತಡ, ಗಾದಿಲಿಂಗಪ್ಪನ ತಂಗಿ ಕರೆಮ್ಮ ಕೈ ಅಡ್ಡ ಹಾಕಿದಳು. "ತಡೀರಿ! ಚಿತ್ರದಾಗ ನಮ್ಮ ಅತ್ತಿಗೀನೂ ಅದಾಳ. ಬದುಕಿದಾಕಿಗೆ ಹಾರ ಹಾಕ್ತಾರೇನು?"

ಹಾರ ಶೀನಪ್ಪನ ಕೈಯಲ್ಲೇ ಉಳಿಯಿತು.

"ಸೂಜಿ ಕೊಡವಾ," ಎಂದಳು ಪಂಪಾವತಿ.

ಚೆಂಡುಹೂವಿನ ಐದು ಎಸಳು ಕಿತ್ತು ದಾರಕ್ಕೆ ಪೋಣಿಸಿದಳು. ಉಗುರಿನಷ್ಟು ಹಾರವಾಯಿತು. ಗಂಡನ ಅಂಗಡಿಯ ಗೋಂದು ಹಚ್ಚಿ, ಗಾಜಿನ ಮೇಲೆ, ಅವನೊಬ್ಬನ ಕೊರಳಿಗೇ ಸರಿಯಾಗಿ ಅಂಟಿಸಿದಳು. ಕಾವ್ಯ ದೀಪ ಹಚ್ಚಿದಳು.

ಬಂಡೆಯ ಮೇಲೆ ಅರಿಷಿಣದ ಕೊರಳಿನ ಹಕ್ಕಿ, ಕೆಳಗೆ ಹಾರ ಹಾಕಿಸಿಕೊಂಡು ಕೂತ ಗಾದಿಲಿಂಗಪ್ಪ. ಅವನ ಬೆನ್ನ ಹಿಂದೆ, ಸೊಂಟದ ಮೇಲೆ ಕೈಯಿಟ್ಟ ಹೆಂಗಸು ಇನ್ನೂ ಬೈಯುತ್ತಲೇ ಇದ್ದಳು.